ಡ್ರಾಕುಲಾನಿಗೇಕೆ ಇಷ್ಟು ಸಿಟ್ಟು?

ಓದುಗರ ಪ್ರಶ್ನೆ, ಸಿನಿಮಾ ಬಳಗದ ಉತ್ತರ

ಪ್ರ: 1970ರ ಬ್ರಿಟಿಷ್ ಚಿತ್ರ ‘ಟೇಸ್ಟ್ ದ ಬ್ಲಡ್ ಆಫ್ ಡ್ರಾಕುಲಾ’ ನೋಡಿದೆ. ಹ್ಯಾಮರ್ ಕಂಪನಿ ಕಡಿಮೆ ದುಡ್ಡಲ್ಲಿ ತೆಗೆದದ್ದು ಅಂತ ಅನ್ನಿಸುವುದೇ ಇಲ್ಲ. ಆದರೆ ಡ್ರಾಕುಲಾ ನಿಂತಲ್ಲೇ ನಿಂತು ‘ಮೊದಲನೆಯವನು, ಎರಡನೆಯವನು’ ಅಂತ ಲೆಕ್ಕ ಹಾಕುತ್ತಾನಷ್ಟೆ. ಇದು ಒಳ್ಳೆಯ ಸೇಡಿನ ಚಿತ್ರವೇ?
— ಓದುಗರು, ತುಮಕೂರು

ಉ: ಸೇಡು ತೀರಿಸುವ ಬಗೆ ಬಹಳ ಚೆನ್ನಾಗಿದೆ. ಸೇಡಿನ ಕಾರಣ ಮಾತ್ರ ಪೊಳ್ಳು.

ರಕ್ತಪಿಶಾಚಿಯನ್ನು ಸೇಡಿನ ಕಥೆಗೆ ತಂದರೆ ಒಂದು ತೊಡಕು ಬಂದೇ ಬರುತ್ತದೆ. ಹಸಿದವನಿಗೆ ಎದುರು ಸಿಕ್ಕವರೆಲ್ಲ ಊಟ. ಸೇಡಿನವನಿಗೆ ಪಟ್ಟಿ ಬೇಕು. ಪಟ್ಟಿಯಲ್ಲಿದ್ದವರನ್ನೂ ಕತ್ತು ಕಚ್ಚಿಯೇ ಕೊಂದರೆ ಅದು ದಿನದ ಊಟವೋ ಹಗೆಯೋ ಗೊತ್ತಾಗುವುದಿಲ್ಲ. ನಿರ್ದೇಶಕ ಪೀಟರ್ ಸ್ಯಾಸ್ಡಿಯ ಈ ಚಿತ್ರ ಅದನ್ನು ಜಾಣತನದಿಂದ ದಾಟಿದೆ. ಹಾರ್ಗುಡ್, ಪ್ಯಾಕ್ಸ್ಟನ್, ಸೆಕರ್ ಮೂವರೂ ಮನೆಯಲ್ಲಿ ಮಡಿವಂತರು, ಹೊರಗೆ ಮೋಜುಗಾರರು. ಡ್ರಾಕುಲಾ ಅವರನ್ನು ಮುಟ್ಟುವುದಿಲ್ಲ, ಮಕ್ಕಳ ಕೈಯಿಂದಲೇ ಕೊಲ್ಲಿಸುತ್ತಾನೆ. ಹಾರ್ಗುಡ್‌ನನ್ನು ಮಗಳು ಆಲಿಸ್ ತೋಟದ ಸಲಿಕೆಯಿಂದ ಹೊಡೆಯುವಾಗ ಅವಳ ಮುಖದಲ್ಲಿ ನಗು. ಅಪ್ಪನ ದಬ್ಬಾಳಿಕೆಯನ್ನು ಅಷ್ಟು ಹೊತ್ತು ನೋಡಿರುವ ನಮಗೆ ಆ ನಗು ಎಲ್ಲಿಂದ ಬಂತೆಂದು ಗೊತ್ತು. ಈ ದೃಶ್ಯಕ್ಕೆ ಬೇಕಾದದ್ದು ಒಂದು ತೋಟ, ಒಂದು ಸಲಿಕೆ, ಕೆಲವೇ ನಟರು. ಕಡಿಮೆ ಬಜೆಟ್ ಅಂದರೆ ಹೀಗಿರಬೇಕು.

ಕಾರಣಕ್ಕೆ ಬಂದರೆ, ಡ್ರಾಕುಲಾನ ಒಣಗಿದ ರಕ್ತವನ್ನು ಕರಗಿಸಿ ಕುಡಿದ ಕೋರ್ಟ್ಲಿ ಎಂಬ ಯುವಕನನ್ನು ಈ ಮೂವರು ಹೆದರಿ ಬಡಿದು ಸಾಯಿಸುತ್ತಾರೆ. ಆ ಹೆಣದಿಂದಲೇ ಡ್ರಾಕುಲಾ ಎದ್ದು ಬಂದು ‘ನನ್ನ ಸೇವಕನನ್ನು ಕೊಂದರು’ ಎಂದು ಹಲ್ಲು ಕಡಿಯುತ್ತಾನೆ. ಆ ಸೇವಕನ ಮುಖವನ್ನು ಅವನು ಒಮ್ಮೆಯೂ ಕಂಡವನಲ್ಲ! ಕೋರ್ಟ್ಲಿ ಸಾಯದಿದ್ದರೆ ಇವನು ಏಳುತ್ತಲೂ ಇರಲಿಲ್ಲ. ನ್ಯಾಯವಾಗಿ ಮೂವರಿಗೂ ಕೈಮುಗಿಯಬೇಕಿತ್ತು. ಈ ತೇಪೆಗೆ ತೆರೆಯ ಹಿಂದೆ ಕಾರಣವಿದೆ. ಮೊದಲ ಯೋಜನೆಯಲ್ಲಿ ಡ್ರಾಕುಲಾ ಇರಲೇ ಇಲ್ಲ. ರಾಲ್ಫ್ ಬೇಟ್ಸ್ ಮಾಡಿದ ಕೋರ್ಟ್ಲಿಯೇ ಪಿಶಾಚಿಯಾಗಿ ಮರಳಬೇಕಿತ್ತು. ಡ್ರಾಕುಲಾ ಪಾತ್ರದ ಕ್ರಿಸ್ಟೋಫರ್ ಲೀ ಇಲ್ಲದ ಚಿತ್ರ ಬೇಡ ಎಂದು ಅಮೆರಿಕದ ವಿತರಕರು ಹಟ ಹಿಡಿದ ಮೇಲೆ ಕಥೆ ತಿದ್ದಿದರು. ಕೊಲೆಯಾದವನೇ ಎದ್ದು ಬಂದಿದ್ದರೆ ಸೇಡು ಸಲೀಸಾಗಿ ಕೂರುತ್ತಿತ್ತು. ಈಗ ಇರುವಂತೆ ಲೀ ಬರುವುದು ಕಥೆ ಸಾಕಷ್ಟು ದೂರ ಸಾಗಿದ ಮೇಲೆ. ಬಂದ ಮೇಲೂ ಎಣಿಸುವ ಕೆಲಸವೇ ಹೆಚ್ಚು.

ಕೊನೆಯೂ ಸೊರಗಿದೆ. ಪಾಳುಬಿದ್ದ ಇಗರ್ಜಿಯಲ್ಲಿ ಆಲಿಸ್‌ಳ ಪ್ರಿಯಕರ ಪಾಲ್ ಶಿಲುಬೆ ಇಟ್ಟು ಮೇಣದಬತ್ತಿ ಹಚ್ಚುತ್ತಾನೆ, ಡ್ರಾಕುಲಾ ತಾನಾಗಿ ಕುಸಿಯುತ್ತಾನೆ. ಮೂವರನ್ನು ಇಷ್ಟು ಲೆಕ್ಕವಾಗಿ ಮುಗಿಸಿದವನು ಇಷ್ಟು ದಿನ ಅದೇ ಇಗರ್ಜಿಯಲ್ಲಿ ಹೇಗೆ ತಂಗಿದ್ದ ಎಂಬ ಪ್ರಶ್ನೆ ಪ್ರೇಕ್ಷಕನ ತಲೆಯಲ್ಲೇ ಉಳಿಯುತ್ತದೆ. ಜೇಮ್ಸ್ ಬರ್ನಾರ್ಡ್ ಸಂಗೀತ ಇಂಥ ಎಷ್ಟೋ ತೂತುಗಳನ್ನು ಮುಚ್ಚಿದೆ.

ಪ್ರ: ನಮ್ಮದೂ ಪಿಶಾಚಿ ಸೇಡಿನ ಕಿರುಚಿತ್ರ. ಹಗಲಲ್ಲಿ ರಕ್ತ ರೋಸ್ ಶರಬತ್ತಿನ ಹಾಗೆ, ನೀಲಿ ಎಲ್‌ಇಡಿ ಹಾಕಿದ ರಾತ್ರಿ ದೃಶ್ಯದಲ್ಲಿ ಮಸಿಯ ಹಾಗೆ ಕಾಣುತ್ತಿದೆ. ಏನು ಮಾಡುವುದು?
— ಓದುಗರು, ಹಾಸನ

ಉ: ಎರಡೂ ಬೇರೆ ಬೇರೆ ರೋಗ. ಶರಬತ್ತಿನಂತೆ ಕಾಣುವುದು ನೀರು ಹೆಚ್ಚಾಗಿ, ಹಿಂದಿನ ಬಿಳಿ ಬಟ್ಟೆ ಇಣುಕುವುದರಿಂದ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ 200 ಗ್ರಾಂ ತೆಗೆದುಕೊಳ್ಳಿ. 50 ಎಂ.ಎಲ್. ಬಿಸಿನೀರಿನಲ್ಲಿ ಅರ್ಧ ಟೀ ಚಮಚ ಕೋಕೋ ಪುಡಿಯನ್ನು ಮೊದಲು ಗಂಟಿಲ್ಲದಂತೆ ಕದಡಿ. ನೇರವಾಗಿ ಗ್ಲೂಕೋಸ್‌ಗೆ ಹಾಕಿದರೆ ಗಂಟು ಒಡೆಯುವುದಿಲ್ಲ. ಎರಡನ್ನೂ ಬೆರೆಸಿ ಒಂದು ಟೀ ಚಮಚ ಕೆಂಪು ಜೆಲ್ ಫುಡ್ ಕಲರ್, ಹಲ್ಲುಕಡ್ಡಿಯ ತುದಿಯಷ್ಟೇ ನೀಲಿ ಸೇರಿಸಿ. ನೀಲಿ ಒಂದು ಹನಿ ಜಾಸ್ತಿಯಾದರೂ ನೇರಳೆ ಹಣ್ಣಿನ ರಸ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ. ಹನಿ ನಿಧಾನ ಇಳಿಯುತ್ತ ಹಿಂದೆ ಕೆಂಪು ಬಾಲ ಬಿಟ್ಟರೆ ಹದ ಸರಿ.

ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ, ಹಾಗಾಗಿ ಒಂದೇ ತರಹದ ಮೂರು ಅಂಗಿ ಇರಲಿ. ಟೇಕ್ ಮಧ್ಯೆ ನೆಲ ಒರೆಸಿ, ಇಲ್ಲದಿದ್ದರೆ ಹೆಣಕ್ಕೆ ಇರುವೆ ಮುತ್ತುತ್ತದೆ. ಹೆಣ ಕೈ ಕೊಡವುತ್ತದೆ, ಟೇಕ್ ಹಾಳು.

ಮಸಿಯ ದೋಷ ರಕ್ತದ್ದಲ್ಲ, ನಿಮ್ಮ ನೀಲಿ ಎಲ್‌ಇಡಿಯದು. ನೀಲಿ ಬೆಳಕಿನಲ್ಲಿ ಕೆಂಪು ಇಲ್ಲ, ಕೆಂಪು ವಸ್ತು ಮರಳಿಸಲು ಏನೂ ಇಲ್ಲದೆ ಕಪ್ಪಾಗುತ್ತದೆ. ಹಿನ್ನೆಲೆ ನೀಲಿಯೇ ಇರಲಿ, ರಕ್ತ ಬೀಳುವ ಜಾಗಕ್ಕೆ ಲಾಟೀನೋ ಮೇಣದಬತ್ತಿಯೋ ಇರುವಂತೆ ದೃಶ್ಯ ಕಟ್ಟಿ, ಪಕ್ಕದಿಂದ ಸಣ್ಣ ಹಳದಿ ಬಲ್ಬ್ ಕೊಡಿ. ಹ್ಯಾಮರ್‌ನವರ ರಕ್ತ ಬಣ್ಣದ ಡಬ್ಬಿಯಷ್ಟು ಕಡುಗೆಂಪು. ಲಂಡನ್ನಿನ ಒಂದು ರಸ್ತೆಯ ಹೆಸರಾದ ‘ಕೆನ್ಸಿಂಗ್ಟನ್ ಗೋರ್’ ಎಂಬುದೇ ಅಂಥ ನಕಲಿ ರಕ್ತದ ಹೆಸರಾಗಿತ್ತು, ಇಂಗ್ಲಿಷಿನಲ್ಲಿ ‘ಗೋರ್’ ಎಂದರೆ ಸುರಿದ ರಕ್ತವೂ ಹೌದು. ಕಪ್ಪು-ಬಿಳುಪು ಕಾಲದವರಿಗೆ ಈ ತಾಪತ್ರಯವೇ ಇರಲಿಲ್ಲ, ಚಾಕೊಲೇಟ್ ಸಿರಪ್ ಸುರಿದರೆ ಆಯಿತು.

ಪ್ರ: ಕೋರೆಹಲ್ಲು ಹಾಕಿದ ನಟನ ಮಾತು ತೊದಲುತ್ತದೆ. ಡಬ್ಬಿಂಗ್ ಒಂದೇ ದಾರಿಯೇ?
— ಓದುಗರು, ಶಿರಸಿ

ಉ: ಅಂಗಡಿಯ ಇಡೀ ಸೆಟ್ಟು ಅಂಗುಳನ್ನು ಮುಚ್ಚುತ್ತದೆ, ನಾಲಿಗೆಗೆ ಜಾಗವಿಲ್ಲದೆ ‘ಸ’, ‘ಶ’ ಎರಡೂ ಪಿಸುಗುಟ್ಟುತ್ತವೆ. ಎರಡು ಕೋರೆಗಳನ್ನಷ್ಟೇ ಹಲ್ಲಿಗೆ ತೊಡಿಸಿ. ಬಾಯಿಗೆ ಸುರಕ್ಷಿತ ಎಂದು ಬರೆದಿರುವ ಥರ್ಮೋಪ್ಲಾಸ್ಟಿಕ್ ಮಣಿ ಸಿಗುತ್ತದೆ. ಸುಮಾರು 65 ಡಿಗ್ರಿ ನೀರಿನಲ್ಲಿ ಪಾರದರ್ಶಕವಾದಾಗ ತೆಗೆದು, ತುಸು ಆರಿಸಿ, ಒದ್ದೆ ಹಲ್ಲಿನ ಮೇಲೆ ಒತ್ತಿ. ಪೂರ್ತಿ ಗಟ್ಟಿಯಾಗುವ ಮುಂಚೆ ಒಂದೆರಡು ಸಲ ಬಿಚ್ಚಿ ಹಾಕಿ. ಹಲ್ಲಿನ ಸಂದಿಗೆ ಇಳಿದು ಗಟ್ಟಿಯಾದರೆ ದಂತವೈದ್ಯರ ಬಾಗಿಲು ತಟ್ಟಬೇಕಾಗುತ್ತದೆ. ಕಟ್ಟಿಸಿದ ಹಲ್ಲು, ಕ್ಲಿಪ್ ಇದ್ದವರಿಗೆ ಇದು ಬೇಡವೇ ಬೇಡ.

ಅದಾದ ಮೇಲೂ ತೊದಲಿದರೆ ಮಾತು ಕಡಿಮೆ ಮಾಡಿ. ಲೀಗೂ ಮೇಲಿನ ಡ್ರಾಕುಲಾ ಚಿತ್ರದಲ್ಲಿ ಬೆರಳೆಣಿಕೆಯ ಮಾತುಗಳೇ.