ಹೊಳೆಗೂ ಕಡಲಿಗೂ ಒಂದೇ ದೋಣಿ: ಯಾವುದನ್ನು ಆರಿಸಲಿ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಬದಿ. ಕೆಲವು ತಿಂಗಳು ಹೊಳೆಯಲ್ಲೇ ಬಲೆ ಬಿಡುತ್ತೇವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲು ನೀರೂ ಇರುವುದಿಲ್ಲ. ಉಳಿದ ಕಾಲ ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿ ಕಡಲಿಗೆ ಹೋಗುತ್ತೇವೆ. ಹೋಗುವವರು ಇಬ್ಬರೇ. ಫೈಬರ್ ದೋಣಿ ಕೊಳ್ಳಬೇಕೆಂದಿದ್ದೇವೆ, 10 ಎಚ್‌ಪಿ ಒಳಗಿನ ಎಂಜಿನ್ ಸಾಕು. ಒಬ್ಬರು ಚಪ್ಪಟೆ ತಳದ್ದು ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಚೂಪು ತಳದ್ದೇ ಬೇಕು ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಅಳಿವೆಯನ್ನು ನೋಡಿ ದೋಣಿ ಆರಿಸಿ. ಹೊಳೆಯಲ್ಲಿ ದೋಣಿ ಮರಳಿಗೆ ಕೂತರೆ ಇಳಿದು ದೂಡಬಹುದು, ಇಲ್ಲವೇ ಭರತ (ಉಬ್ಬರ) ಬರುವ ತನಕ ಕಾಯಬಹುದು. ಅಳಿವೆಯಲ್ಲಿ ಕಾಯಲು ಜಾಗವಿಲ್ಲ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲಿನ ಅಲೆ ಬಂದರೆ ಅದು ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಮಳೆಗಾಲದಲ್ಲಿ ದೋಣಿ ಮಗುಚಿದ ಸುದ್ದಿ ಮತ್ತೆ ಮತ್ತೆ ಬರುವುದು ಅಳಿವೆಗಳಿಂದಲೇ.

ಚಪ್ಪಟೆ ತಳದ ದೋಣಿಗೆ ಈ ಅಲೆ ಆಗಿಬರುವುದಿಲ್ಲ. ಹೋಗುವಾಗ ತಳಕ್ಕೆ ಹೊಡೆತ, ಅಷ್ಟೇ. ಅಪಾಯ ಇರುವುದು ವಾಪಸು ಬರುವಾಗ. ಹಿಂದಿನಿಂದ ಬಂದ ಅಲೆ ಅಗಲವಾದ ಹಿಂಭಾಗವನ್ನು ಎತ್ತುತ್ತದೆ, ಮುಂಭಾಗ ನೀರಿಗೆ ಕಚ್ಚಿಕೊಳ್ಳುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆಗೆ ಅಡ್ಡ ಸಿಕ್ಕಿದರೆ ಮುಗಿಯಿತು.

ಹಾಗಂತ ಪೂರ್ತಿ ಚೂಪು ತಳದ್ದೂ ನಿಮಗೆ ಬೇಡ. ಇಬ್ಬರೂ ಒಂದೇ ಬದಿಗೆ ನಿಂತು ಬಲೆ ಎಳೆಯುವಾಗ ಅದು ವಿಪರೀತ ವಾಲುತ್ತದೆ. ಅದರ ಗುಣ ಕಾಣುವುದು ವೇಗದಲ್ಲಿ, ಆ ವೇಗ ನಿಮ್ಮ ಎಂಜಿನ್ನಿನಿಂದ ಬರುವುದಿಲ್ಲ. ಬಲೆ, ಐಸ್, ಮೀನು ತುಂಬಿದ 22 ಅಡಿಯ ದೋಣಿಗೆ 10 ಎಚ್‌ಪಿ ಹಾಕಿದರೆ ಗಂಟೆಗೆ ಹೆಚ್ಚೆಂದರೆ 11-12 ಕಿ.ಮೀ. ನಿರೀಕ್ಷಿಸಿ.

ನನ್ನ ಸಲಹೆ: 22ರಿಂದ 24 ಅಡಿ ಉದ್ದ, ಮುಂಭಾಗ ಚೂಪಾಗಿ ಎತ್ತರವಾಗಿ ಹೊರಚಾಚಿರಬೇಕು, ಹಿಂದಕ್ಕೆ ಬರುತ್ತಾ ತಳ ಸಪಾಟಾಗಿ ಹಿಂಬದಿಯಲ್ಲಿ ಬದಿಗಳಿಂದ ನಡುವಿನ ಕಡೆಗೆ 10-12 ಡಿಗ್ರಿಯಷ್ಟೇ ಇಳಿಜಾರು ಉಳಿಯಬೇಕು. ಖಾಲಿ ಇದ್ದಾಗ, ಎಂಜಿನ್ ಎತ್ತಿದರೆ, ಇಂಥ ದೋಣಿಗೆ ಒಂದಡಿ ಆಸುಪಾಸಿನ ನೀರು ಸಾಕು.

ಎಂಜಿನ್ ಎತ್ತಿದರೆ ಎಂದೆ, ಯಾಕೆಂದರೆ ಆಳವಿಲ್ಲದ ಕಡೆ ಮೊದಲು ಸಿಕ್ಕಿಕೊಳ್ಳುವುದು ಎಂಜಿನ್ನಿನ ಕಾಲು, ಅಂದರೆ ಪ್ರೊಪೆಲ್ಲರ್ ಇರುವ, ನೀರಿಗಿಳಿಯುವ ಭಾಗ. ಕಾಂಡ್ಲಾ ಸಂದಿಯಲ್ಲಿ ಅದನ್ನು ಎತ್ತಿಟ್ಟು ಜಲ್ಲೆ (ದೋಣಿ ದೂಡುವ ಉದ್ದ ಕೋಲು) ಹಾಕಿ. ಇದಕ್ಕೆ ಹೆದರಿ ಎಂಜಿನ್ ಕೂರುವ 20 ಇಂಚು ಎತ್ತರದ ಹಿಂಬದಿ ಹಲಗೆಗೆ 15 ಇಂಚಿನ ಗಿಡ್ಡ ಕಾಲಿನ ಎಂಜಿನ್ ಮಾತ್ರ ಕೂರಿಸಬೇಡಿ. ಕಡಲಲ್ಲಿ ಹಿಂಭಾಗ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗಿ ಎಂಜಿನ್ ಕಿರುಚುತ್ತದೆ, ಅಳಿವೆಯಲ್ಲಿ ಆ ಕ್ಷಣಕ್ಕೆ ದೋಣಿ ನಿಮ್ಮ ಮಾತು ಕೇಳುವುದಿಲ್ಲ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದಿಂಚು ಕೆಳಗಿರಲಿ.

ಹಳೆಯ ದೋಣಿ ನೋಡುವುದಾದರೆ ಎಂಜಿನ್ನಿನ ಕಾಲು ಹಿಡಿದು ಜೋರಾಗಿ ಮೇಲೆ ಕೆಳಗೆ ಅಲ್ಲಾಡಿಸಿ, ಕಣ್ಣು ಹಿಂಬದಿ ಹಲಗೆಯ ಮೇಲಿರಲಿ. ಹಲಗೆ ಬಾಗಿದರೆ, ಬೋಲ್ಟ್ ತೂತಿನಿಂದ ಕಂದು ನೀರು ಜಿನುಗಿದರೆ, ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ ಎಂದರ್ಥ. ಬಣ್ಣ ಎಷ್ಟೇ ಚೆನ್ನಾಗಿರಲಿ, ಬೇಡ. ತಳವನ್ನು ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಸದ್ದು ಒಂದೆಡೆ ಗಟ್ಟಿಯಾಗಿ ಇನ್ನೊಂದೆಡೆ ಮಂಕಾಗಿ ಬಂದರೆ ಅಲ್ಲಿ ಪದರ ಬಿಟ್ಟಿದೆ.

ಹೊಸದು ಮಾಡಿಸುವುದಾದರೆ ನೀರು ತುಂಬಿದರೂ ತೇಲುವಂತೆ ಮುಂದೆ, ಹಿಂದೆ ಫೋಮ್ ತುಂಬಿದ ಮುಚ್ಚಿದ ಕೋಣೆ ಹಾಕಿಸಿ. ಖರ್ಚು ಉಳಿಸಲು ಹಲವರು ಬಿಡುವುದು ಇದನ್ನೇ, ದಯವಿಟ್ಟು ನೀವು ಬಿಡಬೇಡಿ.

10 ಎಚ್‌ಪಿ ಮಿತಿ ಸರಿಯಾಗಿಯೇ ಇದೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಾಡದೋಣಿಗೆ ಅಷ್ಟರವರೆಗಿನ ಎಂಜಿನ್ನಿಗೆ ಅವಕಾಶವಿದೆ. ಮುಂಗಡ ಕೊಡುವ ಮೊದಲು ಒಮ್ಮೆ ಓಡಿಸಿ ನೋಡಿ: ಇಬ್ಬರು, ಬಲೆಯ ತೂಕದಷ್ಟು ಮರಳಿನ ಚೀಲ, ಲೈಫ್ ಜಾಕೆಟ್. ಮೊದಲು ಹೊಳೆಯಲ್ಲಿ ಇಬ್ಬರೂ ಒಂದೇ ಬದಿಗೆ ನಿಂತು ಎಷ್ಟು ವಾಲುತ್ತದೆ ನೋಡಿ, ಆಮೇಲೆ ಕಡಲು ತಣ್ಣಗಿರುವ ದಿನ, ಭರತದ ಹೊತ್ತಿಗೆ ಅಳಿವೆಗೆ ಒಯ್ಯಿರಿ.