ತಾಮ್ರದ ಪ್ಲೇಟ್ ಹೂತರೆ ಶಾಕ್ ಹೊಡೆಯಲ್ವಾ?

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅರ್ಥಿಂಗ್‌ಗೆ ತಾಮ್ರದ ಪ್ಲೇಟೇ ಬೇಕು, ಅದೊಂದಿದ್ದರೆ ಶಾಕ್‌ನ ಚಿಂತೆಯೇ ಇಲ್ಲ ಅಂತಾರೆ ಎಲೆಕ್ಟ್ರಿಷಿಯನ್. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಸಾಕು, ತಾಮ್ರ ಅಂದರೆ ಸುಮ್ನೆ ದುಡ್ಡು ದಂಡ ಅಂತಾರೆ ನಮ್ಮ ಭಾವ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ತಾಮ್ರದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ ನಿಜ, ಆದರೆ ಇಲ್ಲಿ ಅದನ್ನು ತಡೆಯುವುದು ಲೋಹ ಅಲ್ಲ, ಸುತ್ತಲಿನ ಮಣ್ಣು. ತೇವದ ಜೇಡಿಮಣ್ಣಿಗೂ ಒಣ ಮರಳಿಗೂ ಇರುವ ವ್ಯತ್ಯಾಸದ ಮುಂದೆ ತಾಮ್ರಕ್ಕೂ ಕಬ್ಬಿಣಕ್ಕೂ ಇರುವ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ತಾಮ್ರದ ಲಾಭ ಬಾಳಿಕೆಯಲ್ಲಿ. ಮಣ್ಣೊಳಗೆ ಅದು ಬೇಗ ತಿಂದುಹೋಗುವುದಿಲ್ಲ. 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 3.15 ಮಿ.ಮೀ. ದಪ್ಪದ ಪ್ಲೇಟನ್ನು ಆಳದಲ್ಲಿ, ತೇವ ಆರದ ಕಡೆ ನೆಟ್ಟಗೆ ನಿಲ್ಲಿಸಿ ಹೂಳುವುದು ವಾಡಿಕೆ. ಅದಕ್ಕೆ ಜೋಡಿಸುವ ಪಟ್ಟಿಯೂ ತಾಮ್ರದ್ದೇ ಇರಲಿ. ಒದ್ದೆ ಮಣ್ಣಲ್ಲಿ ತಾಮ್ರಕ್ಕೆ ಜಿಐ ಪಟ್ಟಿ ಸೇರಿಸಿದರೆ ಜಿಐ ಬೇಗ ಸವೆಯುತ್ತದೆ.

ಈಗ ಶಾಕ್ ವಿಷಯ. ನಿಮ್ಮ ಪಿಟ್‌ನ (ಪ್ಲೇಟ್ ಅಥವಾ ಪೈಪ್ ಹೂತ ಗುಂಡಿ) ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 5 ಓಮ್ ಇದೆ ಅನ್ನಿ, ಅದು ಒಳ್ಳೆಯದೇ. ಗೀಸರ್‌ನ ಲೋಹದ ಮೈಗೆ ಫೇಸ್ (ಕರೆಂಟ್ ತರುವ ತಂತಿ) ತಾಗಿತು. ಕರೆಂಟ್ ಮಣ್ಣಿನ ಮೂಲಕವೇ ವಾಪಸ್ ಹೋಗಬೇಕಾದ ಕಡೆ 230 ವೋಲ್ಟ್‌ಗೆ ಹೆಚ್ಚೆಂದರೆ 46 ಆಂಪಿಯರ್ ಹರಿಯುತ್ತದೆ. 32 ಆಂಪಿಯರ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್) ಇಷ್ಟಕ್ಕೆ ತಟ್ಟನೆ ಟ್ರಿಪ್ ಆಗುವುದಿಲ್ಲ, ಒಂದು ಗಂಟೆಯಾದರೂ ಆಗದೇ ಇರಬಹುದು! ಅಷ್ಟೂ ಹೊತ್ತು ಗೀಸರ್ ಮುಟ್ಟಿದವರ ಗತಿ? ಅದಕ್ಕೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಇಷ್ಟು ಸಣ್ಣ ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು ಅನ್ನುವುದು. ಪಿಟ್ ಕೆಟ್ಟು 100 ಓಮ್ ಆಗಿದ್ದರೂ 2.3 ಆಂಪಿಯರ್ ಸೋರುತ್ತದಲ್ವಾ, ಆರ್‌ಸಿಸಿಬಿ ಬೀಳಲು ಅಷ್ಟು ಧಾರಾಳವಾಗಿ ಸಾಕು. ಬಜೆಟ್ ಬಿಗಿ ಇದ್ದರೆ ಜಿಐ ಪೈಪ್ ಹಾಕಿಸಿ ಆರ್‌ಸಿಸಿಬಿ ಕೊಳ್ಳಿ. ತಾಮ್ರದ ಪ್ಲೇಟ್ ಹಾಕಿಸಿ ಆರ್‌ಸಿಸಿಬಿ ಬಿಡಬೇಡಿ.

ಪ್ರಶ್ನೆ: ಪಿಟ್‌ಗೆ ಉಪ್ಪು, ಇದ್ದಿಲು ತುಂಬಲೇಬೇಕಾ?

ಉತ್ತರ: ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ರೆಸಿಸ್ಟೆನ್ಸ್ ಇಳಿಸುತ್ತದೆ. ಆದರೆ ಉಪ್ಪು ಮಳೆನೀರಲ್ಲಿ ಕರಗಿ ಹೋಗುತ್ತದೆ, ಇರುವಷ್ಟು ದಿನ ಲೋಹವನ್ನೂ ತಿನ್ನುತ್ತದೆ. ಬೆಂಟೊನೈಟ್ ಜೇಡಿ ಸಿಕ್ಕರೆ ಅದೇ ವಾಸಿ.

ಪ್ರಶ್ನೆ: ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ತೋರಿಸಿದರು, ಚೆನ್ನಾಗಿ ಉರಿಯಿತು. ಅರ್ಥಿಂಗ್ ಸರಿ ಇದೆ ಅಂತ ತಾನೇ?

ಉತ್ತರ: ಅಲ್ಲ. ಉರಿಯುತ್ತಿರುವ 100 ವಾಟ್ ಬಲ್ಬ್‌ನದೇ ರೆಸಿಸ್ಟೆನ್ಸ್ 500 ಓಮ್ ದಾಟುತ್ತದೆ. ಪಿಟ್ 50 ಓಮ್ ಇದ್ದರೂ ನಿಮ್ಮ ಕಣ್ಣಿಗೆ ಬೆಳಕಲ್ಲಿ ಅಂಥ ವ್ಯತ್ಯಾಸ ಕಾಣಿಸುವುದಿಲ್ಲ. ಅರ್ಥ್ ಕಡಿದೇ ಹೋಗಿದ್ದರೆ ಮಾತ್ರ ಈ ಉಪಾಯದಿಂದ ಗೊತ್ತಾಗುತ್ತದೆ. ಮೇಲಾಗಿ ಇದು ಅಪಾಯದ ಆಟ, ಆ ಹೊತ್ತಲ್ಲಿ ಅರ್ಥ್ ತಂತಿ ಎಲ್ಲೋ ಬಿಟ್ಟಿದ್ದರೆ ಮನೆಯ ಫ್ರಿಜ್, ಗೀಸರ್ ಎಲ್ಲದರ ಬಾಡಿಗೂ ಕರೆಂಟ್ ಬಂದು ಕೂರುತ್ತದೆ. ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ, ಎಷ್ಟು ಓಮ್ ಅಂತ ಬರೆಸಿಕೊಳ್ಳಿ. ಮಳೆ ಬಿದ್ದ ಮರುದಿನ ಬೇಡ, ಮಣ್ಣು ಚೆನ್ನಾಗಿ ಒಣಗಿದಾಗ ಅಳೆಸಿ.