ಆರ್ಚ್‌ನವರಿಗೆ ಸುಲಭ ಮಾಡೋಕೆ ಬರಲ್ವಾ?

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಉಬುಂಟು ಸರಾಗವಾಗಿ ಇನ್‌ಸ್ಟಾಲ್ ಆಯಿತು, ಆರ್ಚ್ ಹಾಕಲು ಹೋದರೆ ಆಜ್ಞೆ ಟೈಪ್ ಮಾಡುವ ಬರೀ ಕಪ್ಪು ಪರದೆ, ಕರ್ನಲ್ (ಸಿಸ್ಟಮ್‌ನ ತಿರುಳು) ಎರಡರಲ್ಲೂ ಲಿನಕ್ಸೇ ಅಲ್ವಾ, ಅವರಿಗೆ ಸುಲಭ ಮಾಡೋಕೆ ಬರಲ್ವಾ ಎಂದು ಕೇಳಿದ್ದೀರಿ.

ಬರುತ್ತೆ. ಆದರೆ ಅದು ಅವರ ಗುರಿಯಲ್ಲ. ಆದಷ್ಟು ಜಾಸ್ತಿ ಜನರನ್ನು ಸೆಳೆಯುವುದು ನಮ್ಮ ಉದ್ದೇಶವಲ್ಲ, ಇದನ್ನು ಕಟ್ಟುವವರ ಅಗತ್ಯಕ್ಕಾಗಿ ಇದು ಇದೆ ಎಂದು ಆರ್ಚ್‌ನ ವಿಕಿಯಲ್ಲೇ ಹೇಳಿಕೊಂಡಿದ್ದಾರೆ. 2021ರಲ್ಲಿ ಇನ್‌ಸ್ಟಾಲ್ ಮಾಡಲು ನೆರವಾಗುವ ಆರ್ಚ್‌ಇನ್‌ಸ್ಟಾಲ್ ಎಂಬ ತಂತ್ರಾಂಶ ಬಂತು. ಅದೂ ನಿಮ್ಮನ್ನೇ ಪ್ರಶ್ನೆ ಕೇಳುತ್ತೆ.

ನನಗೆ ಈ ವಿಷಯ ಸರಿಯಾಗಿ ತಲೆಗೆ ಹೋಗಿದ್ದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ನೋಡಿದ ಮೇಲೆ. ಅನೇಕ ಲ್ಯಾಪ್‌ಟಾಪ್‌ಗಳ ವೈಫೈಗೆ ತಯಾರಕರು ಕೊಡುವ ಫರ್ಮ್‌ವೇರ್ (ಆ ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಬೇಕು, ಅದು ಮುಕ್ತ ತಂತ್ರಾಂಶವಲ್ಲ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಿ ಹಂಚುವಂಥದ್ದಲ್ಲ. ಡೆಬಿಯನ್‌ನವರು 1997ರಲ್ಲೇ ಪೂರ್ತಿ ಮುಕ್ತವಾಗಿರುತ್ತೇವೆ ಎಂದು ಮಾತು ಕೊಟ್ಟಿದ್ದರು. ಹಾಗಾಗಿ ವರ್ಷಗಟ್ಟಲೆ ಅವರ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅದು ಇರಲೇ ಇಲ್ಲ. ಜನ ಲ್ಯಾನ್ ಕೇಬಲ್ ಹುಡುಕುತ್ತಿದ್ದರು, ಪೆನ್‌ಡ್ರೈವ್‌ನಲ್ಲಿ ಫರ್ಮ್‌ವೇರ್ ತುಂಬಿಕೊಂಡು ಬರುತ್ತಿದ್ದರು. ಕೊನೆಗೆ 2022ರಲ್ಲಿ ವೋಟು ಹಾಕಿ, ಆ ಮಾತನ್ನೇ ತಿದ್ದಿ, 2023ರ ಡೆಬಿಯನ್ 12ರಲ್ಲಿ ಸೇರಿಸಿದರು. ವೈಫೈ ನಡೆಯಲಿ ಅಂತ ಚುನಾವಣೆ! ನಗು ಬರುತ್ತೆ, ಆದರೆ ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದೂ ಆಗಲೇ.

ಉಬುಂಟು 2004ರಲ್ಲಿ ಇದೇ ಡೆಬಿಯನ್ ಮೇಲೆ ಶುರುವಾಯಿತು. ಅದಕ್ಕೆ ಬೇಕಿದ್ದವರು ಮಾಮೂಲಿ ಜನ. ಕೇಳಿದವರ ಮನೆಗೆ 2011ರವರೆಗೆ ಅಂಚೆಯಲ್ಲಿ ಸುಮ್ನೆ ಸಿ.ಡಿ. ಕಳಿಸುತ್ತಿದ್ದರು. ಆದರೆ ಸುಲಭ ಅಂದರೆ ನಿಮ್ಮ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡಿದ್ದಾರೆ ಅಂತಲೇ. 22.04 ಆವೃತ್ತಿಯಿಂದ ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಉಬುಂಟು ಕಂಪನಿಯದೇ ಆದ ಪ್ಯಾಕೇಜ್ ರೂಪ) ಆಗಿಯೇ ಬರುತ್ತೆ, ನಿಮಗೆ ಬೇಕೋ ಬೇಡವೋ. ಉಬುಂಟು ಮೇಲೇ ಕಟ್ಟಿದ ಮಿಂಟ್ ಅದಕ್ಕೂ ಮೊದಲೇ, 2020ರಲ್ಲೇ, ಸ್ನ್ಯಾಪ್ ಬೇಡ ಎಂದುಬಿಟ್ಟಿತ್ತು. ಸುಲಭದ ಹಾದಿಯಲ್ಲೂ ಇಬ್ಬರಿಗೆ ಒಮ್ಮತವಿಲ್ಲ ನೋಡಿ.

ನಿಮಗೆ ನಾಳೆ ಬೆಳಿಗ್ಗೆ ಕೆಲಸ ಆಗಬೇಕಿದ್ದರೆ ಮಿಂಟ್ ಹಾಕಿ. ಆರ್ಚ್ ಆಸೆ ಬಿಡಬೇಡಿ, ಒಂದು ಭಾನುವಾರ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ನಡೆಯುವ ನಕಲಿ ಕಂಪ್ಯೂಟರ್) ಹಾಕಿ ನೋಡಿ, ಪಕ್ಕದಲ್ಲಿ ಮೊಬೈಲ್‌ನಲ್ಲಿ ಅವರ ವಿಕಿ ತೆರೆದಿಟ್ಟುಕೊಳ್ಳಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರೋದು ಡೆಬಿಯನ್. ಆದರೂ ಏನಾದರೂ ತೋಚದಿದ್ದಾಗ ನಾನು ಓದೋದು ಆ ವಿಕಿಯನ್ನೇ.